ಹಿಂದಿನ ಎಡಗಾಲು

ನಾಲ್ಕನೇ ಮಾಳಿಗೆ. ಲಿಫ್ಟಿಲ್ಲ.
ಡೊಂಬಿವಲಿಯ ಈ ಕಟ್ಟಡದಿಂದ ಬೂಬಣ್ಣ ಇಳಿಯುವುದು
ಕೆಂಪು ಪ್ಲಾಸ್ಟಿಕ್ ಕುರ್ಚಿಯಲ್ಲಿ,
ನಾವು ನಾಲ್ವರು ಹಿಡಿದು.
ನನ್ನದು ಯಾವಾಗಲೂ ಹಿಂದಿನ ಎಡಗಾಲು.

ಶ್ರಾವಣದಿಂದ ಇದು ಐದನೇ ಸಲ.
ಎದೆಯಲ್ಲಿ ನೀರು ತುಂಬುತ್ತದೆ, ತೆಗೆಯುತ್ತಾರೆ,
ಮತ್ತೆ ತುಂಬುತ್ತದೆ.
ಕಲ್ಯಾಣಕ್ಕನ ಚೀಲದಲ್ಲಿ ಫೈಲು, ಬಾಚಣಿಗೆ,
ಬಳೆ ಅಡವಿಟ್ಟ ಚೀಟಿ.

ಮೂವತ್ತೆರಡು ವರ್ಷ ಬಸ್ ಕಂಡಕ್ಟರು.
ತಿರುವಿನಲ್ಲಿ ಕುರ್ಚಿ ಗೋಡೆಗೆ ತಾಗಿದರೆ
ಆ ಉಬ್ಬಸದಲ್ಲೂ, ‘ಪುಢೇ ಚಲಾ, ಪುಢೇ ಚಲಾ!’
ನಗು ಬಂದು ಕೈ ಸಡಿಲಾಗುತ್ತಿತ್ತು ನಮಗೆ.

ಇವತ್ತು ಎರಡನೇ ಮಾಳಿಗೆಯಲ್ಲಿ
ಪಾಟೀಲರ ಚಪ್ಪಲಿ ಗೂಡಿನ ಹತ್ತಿರ
ಉಂಗುರದ ಬೆರಳಿನಿಂದ ಕುರ್ಚಿಯ ಕೈಗೆ ಕುಟ್ಟಿದ.
ಟಕ್. ಒಂದೇ ಸಲ.
ಒಂದು ಬೆಲ್ಲೆಂದರೆ ನಿಲ್ಲಿಸು.
ಇದನ್ನು ನಮಗೆ ಕಲಿಸಿದವನೂ ಅವನೇ.

ಕೆಳಗೆ ಆಂಬುಲೆನ್ಸ್ ಮೊರೆಯುತ್ತಿತ್ತು.
ಕಲ್ಯಾಣಕ್ಕ ಅವನ ಮುಖವನ್ನೇ ನೋಡಿದಳು,
ಪಾಟೀಲರ ಮನೆಯ ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು.
ಚೀಲವನ್ನು ಮೆಟ್ಟಿಲ ಮೇಲಿಟ್ಟಳು.
ಆಮೇಲೆ ಅವಳೇ ಕುಟ್ಟಿದಳು,
ಎರಡು ಸಲ.

ಕುರ್ಚಿ ತಿರುಗಿಸಿದೆವು.
ಹತ್ತುವಾಗ ಗೊತ್ತಾಯಿತು:
ಭಾರವೆಲ್ಲ ಬರುವುದು
ಹಿಂದಿನ ಕಾಲುಗಳಿಗೆ.