ಒಂದೇ ಪ್ರತಿ

ಹೀಯುಮಾ ದ್ವೀಪದಲ್ಲಿ ನವೆಂಬರಿನ ಹಗಲು
ಮೂರೂವರೆಗೇ ಅಂಗಡಿ ಮುಚ್ಚುತ್ತದೆ.
ವೀವಿ ಮೊದಲು ತಗಡಿಗೆಲ್ಲ ಮಸಿ ಬಳಿಯುತ್ತಾಳೆ,
ಅಂಚಿನವರೆಗೆ, ಒಂದಿಷ್ಟೂ ಕನಿಕರವಿಲ್ಲದೆ.
ಆಮೇಲೆ ಹಳೇ ಅಂಗಿಯ ಚಿಂದಿ ಹಿಡಿದು
ಒರೆಸುತ್ತ ಹೋಗುತ್ತಾಳೆ.
ಒರೆಸಿದಲ್ಲಿ ಕಡಲು,
ಉಗುರು ಗೀರಿದಲ್ಲಿ ಜೊಂಡು,
ಕಡ್ಡಿ ಎಳೆದಲ್ಲಿ ದೀಪಸ್ತಂಭ,
ಹೆಬ್ಬೆರಳು ಒತ್ತಿದಲ್ಲಿ
ಸೂರ್ಯನೇ ಇರಬೇಕು, ಹೇಳಲಾಗದು.

ಇಲ್ಲಿ ಬೆಳಕನ್ನು ಯಾರೂ ಹಚ್ಚುವುದಿಲ್ಲ.
ಅಡ್ಡ ನಿಂತದ್ದನ್ನು ತೆಗೆಯುತ್ತಾರೆ, ಅಷ್ಟೆ.

ಮೇಲೆ ಒಣಗಿದ ಜರಿಗಿಡದ ಒಂದು ಗರಿ,
ನೆನೆಸಿದ ಕಾಗದ, ಕಂಬಳಿ.
ಯಂತ್ರದ ಚಕ್ರ ತಿರುಗಿಸಲು ಪಕ್ಕದ ಮನೆಯ ಉರ್ಮಾಸ್ ಬರಬೇಕು;
ಹೋದ ಚಳಿಗಾಲ ಹಿಮದಲ್ಲಿ ಜಾರಿದಾಗಿನಿಂದ
ಅವಳ ಬಲಭುಜ ಮಾತು ಕೇಳುವುದಿಲ್ಲ.

ಕಾಗದ ಎತ್ತಿದರೆ
ಗರಿ ಇದ್ದ ಕಡೆ ಗರಿಯಿಲ್ಲ, ಬರೀ ಬಿಳುಪು,
ಅದರ ಪಕ್ಕ ಯಾರೂ ಕರೆಯದ
ಒಂದು ಸೊಳ್ಳೆಯ ಕಾಲು.
ಉರ್ಮಾಸ್ ನಕ್ಕ: "ದೀಪಸ್ತಂಭ ಎಡಕ್ಕೆ ಬಂತಲ್ಲ!
ನಲವತ್ತು ವರ್ಷ ಅದನ್ನು ಬಲಕ್ಕಿಟ್ಟುಕೊಂಡೇ ದೋಣಿ ತಂದವನು ನಾನು."

"ಬಿಟ್ಟು ಹೋಗುವವರಿಗೆ
ಎಡಕ್ಕೇ ಇರುತ್ತದೆ," ಅಂದಳು.

ಚಕ್ರದ ಹಿಡಿಯ ಮೇಲಿಂದ
ಅವನು ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ.

ತಗಡಿನಲ್ಲಿ ಇನ್ನೂ ಒಂದಿಷ್ಟು ಮಸಿ ಇತ್ತು.
ಇನ್ನೊಂದು ಹಾಳೆ ಇಟ್ಟರೆ
ಮಂಜು ಕವಿದ ಹಾಗೆ ಬರುತ್ತದೆ, ಅರ್ಧ ಮರೆತ ಹಾಗೆ.
ಅದನ್ನು ಅವಳು ಮಾರುವುದಿಲ್ಲ.
ಅದನ್ನೇ ಕೇಳಿದ ಉರ್ಮಾಸ್.

ಕೊಟ್ಟಳು, ಒದ್ದೆಯಾಗಿಯೇ.
ಆಮೇಲೆ ಎಣ್ಣೆ ಸುರಿದು
ತಗಡು ಒರೆಸಿದಳು, ಮುಖ ಕಾಣುವಷ್ಟು.