ದಾಸ್ತಾನು

ನಮ್ಮ ಆಸ್ಪತ್ರೆಯ ಹಿಂಬದಿಗೆ,
ಹೆಣದ ಕೋಣೆಗೂ ಜನರೇಟರಿಗೂ ನಡುವೆ
ಒಂದು ತಗಡಿನ ಬಾಗಿಲು.
ಒಳಗೆ ಸರಪಳಿ ಬಿಗಿಸಿಕೊಂಡು ನಿಂತ
ಎಂಟು ನೀಲಿ ಸಿಲಿಂಡರು.
ನನ್ನ ಲೆಡ್ಜರಿನಲ್ಲಿ ಅವಕ್ಕೊಂದು ಪುಟ,
ಹದಿಮೂರು ವರ್ಷದಿಂದ ನನ್ನದೇ ಕೈಬರಹ:
ತಿಂಗಳಿಗೆ ಆರು ಬಂದವು, ಆರು ಮುಗಿದವು.
ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.
ಲೆಕ್ಕ ತಪ್ಪಿದರೆ ತಾನೆ ಕೇಳುತ್ತಾರೆ
ಸ್ಟೋರಿನವಳನ್ನು?

ಅರಿವಳಿಕೆಗೆಂದು ಹೊಸದಾಗಿ ಬಂದ ಡಾಕ್ಟರು,
ಚಂದ್ರಕಾಂತಿ ಅರಸು,
ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದೇ ಬಂದು
ನನ್ನ ಲೆಡ್ಜರಿನ ಪಕ್ಕ ಇನ್ನೊಂದು ಪುಸ್ತಕ ತೆರೆದರು.
ಥಿಯೇಟರಿನದು.
"ಇಂದ್ರಮ್ಮ, ಈ ಗಾಳಿ ನಾನು ಕೊಟ್ಟದ್ದು
ಈ ತಿಂಗಳು ನಾಲ್ಕೇ ಜನಕ್ಕೆ.
ಒಂದು ಸಿಲಿಂಡರಿನ ಕಾಲುಭಾಗವೂ ಆಗಲ್ಲ.
ಉಳಿದ ಐದೂಮುಕ್ಕಾಲು ಯಾರು ಉಸಿರಾಡಿದರು?"

ಕಳ್ಳತನ ಅಂದುಕೊಂಡೆ. ಬೆವರಿದೆ.
ನಗಿಸುವ ಗಾಳಿಯನ್ನು ಕದ್ದವರು
ಮಾರುವುದಾದರೂ ಎಲ್ಲಿ, ಯಾವ ಸಂತೆಯಲ್ಲಿ?

ಪೈಪು ನೋಡುವ ಮಂಚಯ್ಯನನ್ನು ಕರೆಸಿದರು.
ಅವನಪ್ಪ ಪಾಂಡವಪುರದಲ್ಲಿ
ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವನು.
ಮೀಟರು ಗೀಟರು ಕೇಳಲಿಲ್ಲ ಮಂಚಯ್ಯ.
ಚೊಂಬಿನಲ್ಲಿ ಸೋಪಿನ ನೀರು, ಒಂದು ಶೇವಿಂಗ್ ಬ್ರಷ್ಷು.
ಕೀಲು ಕೀಲಿಗೂ ನೊರೆ ಹಚ್ಚುತ್ತ,
ಮದುವೆ ಹುಡುಗನಿಗೆ ಅರಿಶಿನ ಹಚ್ಚುವಷ್ಟು ನಿಧಾನವಾಗಿ,
ಗೋಡೆಯುದ್ದಕ್ಕೂ ನಡೆದ.
ಹಿಂದೆ ನಾವಿಬ್ಬರು, ಟಾರ್ಚು ಹಿಡಿದು.

ಹೆರಿಗೆ ವಾರ್ಡಿನ ತಿರುವಿನಲ್ಲಿ
ಮೊದಲ ಗುಳ್ಳೆ.
ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು.
"ನೋಡ್ರವ್ವ," ಅಂದ ಮಂಚಯ್ಯ,
"ಗ್ವಾಡೆ ಉಸ್ರಾಡ್ತಾ ಅದೆ."

ಹನ್ನೊಂದು ಕಡೆ ಉಸಿರಾಡುತ್ತಿತ್ತು.
ಹಗಲೂ ರಾತ್ರಿ, ಯಾರಿಗೂ ನೋವಿಲ್ಲದ ಭಾನುವಾರವೂ,
ಥಿಯೇಟರಿಗೆ ಬೀಗ ಬಿದ್ದ ಹಬ್ಬದ ದಿನವೂ.

ಡಾಕ್ಟರು ಕೈತೊಳೆಯುತ್ತ ಹೇಳಿದರು:
ಇಂಗಾಲದ ಗಾಳಿಗಿಂತ
ಇನ್ನೂರೆಪ್ಪತ್ತು ಪಟ್ಟು ಬಿಸಿ ಹಿಡಿಯುತ್ತದಂತೆ ಇದು.
ಮೇಲೆ ಹೋದದ್ದು ನೂರು ವರ್ಷ ಮೇಲೇ ಇರುತ್ತದಂತೆ.
ಸಾಂಬಾರು ಉಪ್ಪಾಯಿತು ಅನ್ನುವ ದನಿಯಲ್ಲೇ ಹೇಳಿದರು.

ಸಕ್ಕರೆ ಕಾರ್ಖಾನೆಯ ಬೂದಿ
ತಾರಸಿಯಲ್ಲಿ ಒಣಹಾಕಿದ ಸೀರೆಗೆ ಬಿದ್ದಾಗಲೆಲ್ಲ
ಚಿಮಣಿಗೆ ಕೈತೋರಿಸಿ ಬೈದವಳು ನಾನು.
ನನ್ನ ಸಹಿ ಹೊತ್ತು ಹೋದದ್ದಕ್ಕೆ
ಬೂದಿಯಿಲ್ಲ, ಬಣ್ಣವಿಲ್ಲ,
ಬೈಯಲು ಒಂದು ಚಿಮಣಿಯೂ ಇಲ್ಲ.

ನನ್ನ ತಂಗಿ ರೇಣುಕಿಗೂ ಕೊಟ್ಟಿದ್ದರು ಇದನ್ನು.
ಹೆರಿಗೆಯ ನಡುವೆ, ಅಷ್ಟು ನೋವಿನಲ್ಲೂ,
ಕಿಸಕ್ಕೆಂದಳು. ಸಿಸ್ಟರ್ ಮೂಗು ಸೊಟ್ಟ ಅಂದಳಂತೆ.
ಆ ನಗುವಿನ ಗಾಳಿಗೆ ನನ್ನ ತಕರಾರಿಲ್ಲ.
ಅದು ಸಲ್ಲಬೇಕಾದಲ್ಲಿ ಸಂದದ್ದು.

ಪೈಪು ಮುಚ್ಚಲು ಫೈಲು ಹೋಯಿತು.
ಪೈಪಿಲ್ಲದಿದ್ದರೆ ಆಸ್ಪತ್ರೆಯೇ ಸಣ್ಣದಾದೀತೆಂದು
ಐದು ತಿಂಗಳು ಮೇಲಿನ ಮೇಜಿನಲ್ಲಿ ಕೂತಿತು.
ಅಷ್ಟರಲ್ಲಿ ಇನ್ನೂ ಮೂವತ್ತು ಸಿಲಿಂಡರು.
ಕೊನೆಗೊಂದು ಶನಿವಾರ
ಮಂಚಯ್ಯ ಸ್ಪ್ಯಾನರ್ ತಿರುಗಿಸಿದ, ಎರಡೇ ಸುತ್ತು.
ಈಗ ಮಗುವಿನಷ್ಟು ಸಿಲಿಂಡರೊಂದು
ತಳ್ಳುಗಾಡಿಯ ಮೇಲೆ ರೋಗಿಯ ತಲೆದೆಸೆಗೇ ಬರುತ್ತದೆ,
ಕೆಲಸ ಮುಗಿದರೆ ಬಾಯಿ ಮುಚ್ಚಿಕೊಂಡು ಹೋಗುತ್ತದೆ.

ಮೊನ್ನೆ ಆಡಿಟಿನವರು ಬಂದಿದ್ದರು.
ಹದಿಮೂರು ವರ್ಷದಲ್ಲಿ ಮೊದಲ ಸಲ
ಆ ಪುಟದ ಮೇಲೆ ಬೆರಳಿಟ್ಟರು:
"ಏನಮ್ಮ ಇದು, ಇಷ್ಟು ಕಡಿಮೆ?"
ಬರೆದುಕೊಟ್ಟೆ, ಮೂರು ಸಾಲು.
ಸೀಲು ಹಾಕಿ, ಟೀ ಕುಡಿದು ಹೋದರು.

ಅವರು ಕೇಳದೆ ಬಿಟ್ಟ ಪುಟಗಳನ್ನು
ಸಂಜೆ ನಾನೇ ತಿರುವಿದೆ.
ಪ್ರತಿ ತಿಂಗಳ ಕೊನೆಗೂ ದುಂಡಗೆ ಬರೆದಿದ್ದೇನೆ:
ಬಂದದ್ದು ಆರು. ಖರ್ಚು ಆರು. ಉಳಿಕೆ ಸೊನ್ನೆ.

ಕೆಂಪು ಪೆನ್ನು ತೆರೆದು ಕೂತೆ.
ಖರ್ಚಾಗಿಲ್ಲವಲ್ಲ ಅದು.
ನಾನು ಕೆಲಸಕ್ಕೆ ಸೇರಿದ ತಿಂಗಳಿನದೂ
ಇದ್ದಹಾಗೇ ಇದೆ,
ದಾಸ್ತಾನು,
ಮೇಲೆ.