ಎರಡನೇ ಸಲ ಅಳೆದಾಗ

ಹದಿನೈದು ದಿನದ ಹಿಂದೆ ಇದೇ ಬುರುಡೆಯ ಫಿಲ್ಮನ್ನು
ಇದೇ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು
ಇದೇ ತ್ರೀ ಎಚ್ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ.
"ಎತ್ತಿಡು, ಮರೆ, ಆಮೇಲೆ ಮತ್ತೆ ಎಳೆ"
ಎಂದಿದ್ದರು ಮೇಡಂ.
ಮರೆಯುವುದೂ ಅಳತೆಯ ಒಂದು ಭಾಗವಂತೆ.

ಮಂಡ್ಯದ ನೂರಡಿ ರಸ್ತೆ, ಮಹಡಿ ಮೇಲಿನ ಕ್ಲಿನಿಕ್ಕು.
ಕಬ್ಬಿನ ಲಾರಿ ಹೋದಾಗೆಲ್ಲ
ಮೇಜು ಸಣ್ಣಗೆ ನಡುಗುತ್ತದೆ.
ಉಸಿರು ಬಿಗಿಹಿಡಿದು ಕಾಯುತ್ತೇನೆ,
ಆಮೇಲೆ ಚುಕ್ಕೆ.

ಮೂಗಿನ ಬುಡದ ಸಂದು ಸಲೀಸು: ನೇಸಿಯನ್.
ಸೆಲ್ಲಾ ಎಂದರೆ ಕುದುರೆಯ ಜೀನಿನಂಥ ಗುಳಿ,
ಅದರ ನಟ್ಟನಡುವೆ ಬರೀ ಖಾಲಿ,
ಮೂಳೆ ಇಲ್ಲದ ಕಡೆಯೇ ಚುಕ್ಕೆಯಿಡಬೇಕು.
ಕಿವಿಯ ತೂತೆಂದು ನಾನು ನಂಬಿದ್ದು
ಯಂತ್ರದ ಕಡ್ಡಿಯ ನೆರಳು.
ದವಡೆಯ ಮೂಲೆಯಂತೂ ಎರಡೆರಡು;
ಎಡಬಲ ಒಂದರ ಮೇಲೊಂದು ಕೂರದೆ
ಹಸಿಗೋಡೆಗೆ ಎರಡು ಸಲ ಒತ್ತಿದ ಕೈಯಚ್ಚಿನ ಹಾಗೆ.
ಆ ಎರಡರ ನಡುವೆ, ಯಾರೂ ಇಲ್ಲದಲ್ಲಿ,
ಗೋನಿಯನ್ ಇದೆ ಎಂದು ಒಪ್ಪಿಕೊಂಡಿದ್ದೇವೆ.

ದವಡೆಯ ಇಳಿಜಾರು ಅವತ್ತು ಮೂವತ್ತೆರಡು ಡಿಗ್ರಿ.
ಇವತ್ತು ಮೂವತ್ತನಾಲ್ಕು.
ಕಟಕಟೆ ಹತ್ತಿದ ಸಾಕ್ಷಿ ನಾನೇ,
ಹೇಳಿಕೆ ತಿರುಗಿಸಿದವಳೂ ನಾನೇ.
ಆ ಎರಡು ಡಿಗ್ರಿಯ ಸಂದಿನಲ್ಲಿ
ನಾಲ್ಕು ಹಲ್ಲು ನಿಂತಿವೆ,
ಕೀಳುತ್ತಾರೋ ಬಿಡುತ್ತಾರೋ ತಿಳಿಯದೆ.

ಹಲ್ಲಿನ ಒಡತಿ ನಿಸರ್ಗ, ಎಂಟನೇ ಕ್ಲಾಸು,
ನಗುವಾಗ ಅಂಗೈ ಅಡ್ಡ.
ಅವಳಪ್ಪ ಬೋರೇಗೌಡರು
ಸಕ್ಕರೆ ಕಾರ್ಖಾನೆಯಲ್ಲಿ ಲಾರಿ ತೂಗುವವರು.
ತಪ್ಪೊಪ್ಪಿದವಳಂತೆ ಅವರಿಗೆ ಎರಡೂ ಅಂಕಿ ಹೇಳಿದೆ.
ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದರು, ತಲೆಕೆಳಗಾಗಿ.
"ನಮ್ಮಲ್ಲೂ ಹಂಗೇಯ ಕನವ್ವ.
ಗಾಳಿ ಬೀಸುದ್ರೂ ನಂಬರು ಕುಣೀತದೆ.
ಲಾರಿ ಇಳ್ಸಿ, ಇನ್ನೊಂದಪ ಹತ್ಸಿ ನೋಡ್ತೀವಿ.
ಯಾವತ್ತೂ ಒಂದೇ ಬತ್ತದೆ ಅನ್ನೋನ್ನ
ನಾವು ನಂಬಕಿಲ್ಲ."

ಮೂರನೆಯ ಹಾಳೆ ಅಂಟಿಸುತ್ತಿದ್ದೇನೆ.
ಹಲ್ಲಿನ ಮಾತು ಮುಂದಿನ ಸೋಮವಾರಕ್ಕೆ.
ಹುಡುಗಿ ನನ್ನ ಭುಜದ ಹಿಂದಿನಿಂದ ಬಗ್ಗಿ
ಬೆಳಕಿನಲ್ಲಿ ಹಲ್ಲು ಕಿರಿದ ತನ್ನನ್ನೇ ನೋಡಿ,
"ಇದ್ರಲ್ಲಿ ನಾನು ಕೈ ಅಡ್ಡ ಹಿಡಿದಿಲ್ಲ" ಅಂದಳು.

ಕೆಳಗೆ ಲಾರಿ.
ಪೆನ್ಸಿಲು ಮೇಲೆತ್ತಿ ಹಿಡಿದೆ.